ಖುರ್ದ ಮಿತಾಕ್ಷರಾ: ಸಣ್ಣ ವಿಶ್ವವಿದ್ಯಾಲಯ ಸೇರುವವರಿಗೊಂದು ಶಾಸ್ತ್ರಗ್ರಂಥ

ಬೀದರ್ ಜಿಲ್ಲೆಯ ಎಷ್ಟೋ ಊರುಗಳ ಹೆಸರಿಗೆ ಕಂಸದೊಳಗೆ ಒಂದು ಅಕ್ಷರ ಅಂಟಿಕೊಂಡಿರುತ್ತದೆ. ಹುಮನಾಬಾದ್ ಕಡೆ ಹೋದರೆ ಹಳ್ಳಿಖೇಡ (ಬಿ) ಇದೆ, ಹಳ್ಳಿಖೇಡ (ಕೆ) ಕೂಡ ಇದೆ. ಹೊರಗಿನವರು ಇದು ಬಸ್ ಡಿಪೋದ ಗುರುತಿರಬೇಕು ಅಂದುಕೊಳ್ಳುತ್ತಾರೆ. ಅಲ್ಲ. ಬಿ ಅಂದರೆ ಬುಜುರ್ಗ, ದೊಡ್ಡದು. ಕೆ ಅಂದರೆ ಖುರ್ದ, ಸಣ್ಣದು. ಫಾರ್ಸಿ ಬಲ್ಲ ಕಂದಾಯ ಗುಮಾಸ್ತರು ಊರು ವಿಂಗಡಿಸಲು ಇಟ್ಟುಕೊಂಡಿದ್ದ ಈ ಎರಡು ಪದಗಳನ್ನು ವಿಶ್ವವಿದ್ಯಾಲಯಗಳಿಗೂ ಹಚ್ಚಿ ನೋಡುವ ಕೆಲಸವನ್ನು ಈವರೆಗೆ ಯಾವ ವಿದ್ವಾಂಸನೂ ಮಾಡಿದಂತಿಲ್ಲ. ಆ ಕೊರತೆ ತುಂಬಲು ನಮ್ಮೂರು ಮಂಠಾಳದ ಬಸ್ ನಿಲ್ದಾಣದಲ್ಲಿ ಕೂತು ಈ ಗ್ರಂಥ ರಚಿಸಿದ್ದೇನೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಗ್ರಂಥ ಇಷ್ಟು ಬೆಳೆಯುತ್ತಿರಲಿಲ್ಲ.

ಹೆಸರಿಗೆ ಸಮರ್ಥನೆ ಬೇಕು. ನಮ್ಮ ತಾಲ್ಲೂಕು ಕೇಂದ್ರ ಬಸವಕಲ್ಯಾಣ ಹಿಂದೆ ಬರೀ ಕಲ್ಯಾಣವಾಗಿದ್ದಾಗ, ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತನಿದ್ದ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಬಂಗಾಳ, ಅಸ್ಸಾಮಿನ ಕಡೆ ಬಿಟ್ಟರೆ ದೇಶದ ಬಹುಪಾಲು ಹಿಂದೂ ಮನೆಗಳಲ್ಲಿ ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡದ್ದು ಈ ಗ್ರಂಥ ಹೇಳಿದಂತೆ. 1810ರಲ್ಲಿ ಕೋಲ್‌ಬ್ರೂಕ್ ಸಾಹೇಬ ಅದರ ದಾಯವಿಭಾಗ ಪ್ರಕರಣವನ್ನು ಇಂಗ್ಲಿಷಿಗೆ ತಂದ. ಮುಂದೆ ಲಂಡನ್ನಿನ ಪ್ರಿವಿ ಕೌನ್ಸಿಲ್ಲಿನ ನ್ಯಾಯಾಧೀಶರೂ ಕಲ್ಯಾಣದಲ್ಲಿ ಬರೆದ ಮಾತನ್ನು ಮುಂದಿಟ್ಟುಕೊಂಡು ತೀರ್ಪು ಕೊಟ್ಟರು. ವಿಜ್ಞಾನೇಶ್ವರ ಕಲಬುರಗಿ ಸೀಮೆಯ ಮರ್ತೂರಿನವನೆನ್ನುತ್ತಾರೆ. ಅಲ್ಲಿಂದ ಕಲ್ಯಾಣಕ್ಕೆ ಬಂದಾಗ ಅವನನ್ನು ಯಾರಾದರೂ ವರ್ಗಾವಣೆ ಪ್ರಮಾಣಪತ್ರದ ಮೂರು ಪ್ರತಿ ಕೇಳಿದರೆಂಬುದಕ್ಕೆ ಶಾಸನಾಧಾರವಿಲ್ಲ. ಕೇಳಿದ್ದರೆ ಮಿತಾಕ್ಷರಾ ಮುಗಿಯುತ್ತಿತ್ತೇ ಎಂಬುದು ನನ್ನ ಅನುಮಾನ.

ಮೂಲ ಗ್ರಂಥದಲ್ಲಿ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಮೂರು ಅಧ್ಯಾಯಗಳಿವೆ. ನಾನೂ ಮೂರನ್ನೇ ಇಟ್ಟುಕೊಂಡಿದ್ದೇನೆ, ಕ್ರಮ ಮಾತ್ರ ಬದಲಿಸಿದ್ದೇನೆ. ವಿದ್ಯಾರ್ಥಿಗೆ ಆಚಾರ ಕಲಿಯಲು ಹಾಸ್ಟೆಲ್ ಬೇಕು, ಹಾಸ್ಟೆಲ್ ಸಿಗಲು ವ್ಯವಹಾರ ಮುಗಿಯಬೇಕು.

ಮೊದಲು ಲಕ್ಷಣ. ಖುರ್ದ ವಿದ್ಯಾಪೀಠವೆಂದರೆ ಯಾವುದು? ಜಾಗ ಸಣ್ಣದಿರುವುದೇ ಖುರ್ದ ಎಂದು ಪೂರ್ವಪಕ್ಷ. ಈ ವಾದ ನಿಲ್ಲುವುದಿಲ್ಲ. ಜಾಗ ಬೇಕಾದಷ್ಟಿರುತ್ತದೆ, ಆಡಳಿತ ಕಟ್ಟಡದಿಂದ ಹಾಸ್ಟೆಲಿಗೆ ನಡೆಯುವಷ್ಟರಲ್ಲಿ ಚಪ್ಪಲಿಯಿಂದ ಜಾಲಿಮುಳ್ಳು ಕೀಳಲು ಎರಡು ಸಲ ಕೂರಬೇಕಾಗುತ್ತದೆ. ವಿದ್ಯಾರ್ಥಿಗಳು ಕಡಿಮೆಯಿರುವುದು ಎನ್ನುವವರು ಪರೀಕ್ಷಾ ಶುಲ್ಕದ ಕೊನೆಯ ದಿನ ಬಂದು ಪಾಳಿಯಲ್ಲಿ ನಿಂತು ನೋಡಲಿ. ಆದ್ದರಿಂದ ಸಿದ್ಧಾಂತ: ಕುಲಪತಿಗಳ ಕಾರು ಗೇಟು ದಾಟಿದ ಸುದ್ದಿ ಕಾರಿಗಿಂತ ಮೊದಲು ಕ್ಯಾಂಟೀನು ಮುಟ್ಟುತ್ತಿದ್ದರೆ ಅದು ಖುರ್ದ. ಬುಜುರ್ಗದಲ್ಲಿ ನೀವು ಮೂರು ದಿನ ಕ್ಲಾಸಿಗೆ ಹೋಗದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಖುರ್ದದಲ್ಲಿ ಮೂರನೆಯ ದಿನ ನಿಮ್ಮಪ್ಪನಿಗೆ ಫೋನು ಹೋಗಿರುತ್ತದೆ. ಮಾಡಿದವರು ಪ್ರಾಧ್ಯಾಪಕರಲ್ಲ, ಚಹಾದ ಅಂಗಡಿಯವರು. ಅವರ ಅಳಿಯನ ಊರು ಮಂಠಾಳ.

ನಮಗೆ ಹತ್ತಿರದ ದೃಷ್ಟಾಂತ ಬೀದರ್ ವಿಶ್ವವಿದ್ಯಾಲಯ. 2022ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಹುಟ್ಟಿದ್ದು. ಅದಕ್ಕೆ ಮುಂಚೆ ಅಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿತ್ತು. ಇರುವ ಊರು ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿ. ದಫ್ತರದಲ್ಲಿ ನೋಡಿದರೆ ಹಾಲಹಳ್ಳಿ (ಕೆ). ನನ್ನ ಸಿದ್ಧಾಂತಕ್ಕೆ ಕಂದಾಯದವರು ಮೊದಲೇ ಸಾಕ್ಷಿ ಬರೆದಿಟ್ಟಿದ್ದಾರೆ. ಆದರೆ ಇಲ್ಲೊಂದು ಅಪವಾದ ಹೇಳಬೇಕು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಹೊಸದಾಗಿ ಹುಟ್ಟಿದ ಹತ್ತು ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಮಾತಾಡಿತು. ಉಳಿಸಿದ್ದು ಬೀದರ್ ಒಂದನ್ನು, ಅದಕ್ಕೆ ಸೇರಿದ ಕಾಲೇಜುಗಳು ಹೆಚ್ಚೆಂಬ ಕಾರಣಕ್ಕೆ. ಅಂದರೆ ಹೆಸರಿನಲ್ಲಿ ಖುರ್ದ, ಕುಟುಂಬದಲ್ಲಿ ಬುಜುರ್ಗ. ನಮ್ಮ ಕಡೆಯ ಸಣ್ಣ ಮನೆಗಳೆಲ್ಲ ಹೀಗೇ.

ಮುಂದೆ ಬರುವ ಅನುಭವಗಳು ಹಾಲಹಳ್ಳಿಯವಲ್ಲ, ನಾನು ಓದಿದ ಬೇರೊಂದು ಕ್ಯಾಂಪಸ್ಸಿನವು. ಅದರ ಹೆಸರು ಹೇಳುವುದಿಲ್ಲ. ನನ್ನ ಪದವಿ ಪ್ರಮಾಣಪತ್ರ ಇನ್ನೂ ಅವರ ಕಪಾಟಿನಲ್ಲಿದೆ.

ವಿಧಿಗೆ ಮುಂಚೆ ಪ್ರವರ ಹೇಳಿಕೊಳ್ಳುವುದು ಪದ್ಧತಿ. ಮಂಠಾಳದ ಕಡೆ ಓದಿದ ಮನೆತನವೊಂದರ ಪ್ರವರವನ್ನು ಹೀಗೆ ಕಲ್ಪಿಸಿಕೊಳ್ಳಿ. ಮುತ್ತಾತ 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾದವರು, ಯಾಕೆಂದರೆ ಬೀದರ್ ಆಗ ನಿಜಾಮರ ಸಂಸ್ಥಾನ. ಗಣಿತವನ್ನೂ ಉರ್ದುವಿನಲ್ಲಿ ಕಲಿತವರು. 1956ರ ನವೆಂಬರ್ 1ರಂದು ನಾವು ಈ ರಾಜ್ಯಕ್ಕೆ ಸೇರಿದ ಮೇಲೆ ತಾತ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರಾದರು. 1980ರಲ್ಲಿ ಗುಲಬರ್ಗಾ ಬೇರೆಯಾಯಿತು, ಅಪ್ಪ ಅದರ ಪದವೀಧರ. ಈಗ ಮಗಳು ಬೀದರ್ ವಿಶ್ವವಿದ್ಯಾಲಯ. ನಾಲ್ಕು ತಲೆಮಾರು, ನಾಲ್ಕು ವಿಶ್ವವಿದ್ಯಾಲಯ. ಮನೆ ಅದೇ, ತಲೆಬಾಗಿಲೂ ಅದೇ. ಬೇರೆ ಕಡೆ ಜನ ವಿಶ್ವವಿದ್ಯಾಲಯ ಹುಡುಕಿಕೊಂಡು ಹೋಗುತ್ತಾರೆ. ನಮ್ಮಲ್ಲಿ ಅದೇ ಹೆಸರು ಬದಲಿಸಿಕೊಂಡು ತಲೆಮಾರಿಗೊಂದು ಸಲ ಮನೆ ಹತ್ತಿರಕ್ಕೆ ಸರಿದು ಬರುತ್ತದೆ. ಈ ಲೆಕ್ಕದಲ್ಲಿ ಮೊಮ್ಮಗನ ಕಾಲಕ್ಕೆ ಮಂಠಾಳದ ಸಂತೆಕಟ್ಟೆಗೆ ಬರಬೇಕು.

ವ್ಯವಹಾರಾಧ್ಯಾಯ

ಸೂತ್ರ: ಗುರುವಿಗಿಂತ ಮೊದಲು ಝೆರಾಕ್ಸ್ ಅಂಗಡಿಯವರ ಪರಿಚಯ ಮಾಡಿಕೊಳ್ಳತಕ್ಕದ್ದು.

ವ್ಯಾಖ್ಯಾನ: ಖುರ್ದ ವಿದ್ಯಾಪೀಠದ ಗೇಟಿನೆದುರು ಒಂದು ತಗಡಿನ ಶೆಡ್ಡು ಇರುತ್ತದೆ. ಅದರಲ್ಲಿ ಒಂದು ಝೆರಾಕ್ಸ್ ಯಂತ್ರ, ಒಂದು ಕಂಪ್ಯೂಟರು, ಅಂಟಿನ ಡಬ್ಬಿ, ಗೋಡೆಗೆ ಯಾರದೋ ಮೂರು ಪಾಸ್‌ಪೋರ್ಟ್ ಅಳತೆಯ ಫೋಟೋ. ಸ್ಕಾಲರ್‌ಶಿಪ್ ಪೋರ್ಟಲ್ಲಿನ ನಿಯಮ ಬೆಂಗಳೂರಿನಲ್ಲಿ ಹುಟ್ಟಿದರೂ ಅದರ ಅರ್ಥ ತೀರ್ಮಾನವಾಗುವುದು ಈ ಶೆಡ್ಡಿನಲ್ಲಿ. ನಾನು ಸ್ಕಾಲರ್‌ಶಿಪ್ ಅರ್ಜಿ ತುಂಬಲು ಮೊದಲ ಸಲ ಹೋದಾಗ ನಡೆದ ಸಂವಾದವನ್ನು ಶಾಸ್ತ್ರದ ಉಪಯೋಗಕ್ಕಾಗಿ ದಾಖಲಿಸುತ್ತೇನೆ.

"ಆಧಾರ್ ಅದ ಏನು ತಮ್ಮಾ?"

"ಅದರಿ ಕಾಕಾ."

"ಜಾತಿ-ಆದಾಯದ ಆರ್‌ಡಿ ನಂಬರ್?"

"ಅದೂ ಅದರಿ."

"ಬ್ಯಾಂಕಿಗಿ ಆಧಾರ್ ಲಿಂಕ್ ಆಗ್ಯದ?"

"ಆಗ್ಯದರಿ."

ಕಾಕಾ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು. "ಎಲ್ಲಾ ಸರಿ ಅದ ಅಂದ್ರ, ಸರ್ವರ್ ಡೌನ್ ಇರ್ತದ ನೋಡು."

ಡೌನ್ ಇತ್ತು. ಇಂಥ ತ್ರಿಕಾಲಜ್ಞಾನ ಕಲಿಸುವ ವಿಭಾಗ ಗೇಟಿನೊಳಗೆ ನನಗೆ ಸಿಗಲಿಲ್ಲ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಶಿವಕುಮಾರ', ಆಧಾರ್‌ನಲ್ಲಿ 'ಶಿವಕುಮಾರ್', ಬ್ಯಾಂಕ್ ಪುಸ್ತಕದಲ್ಲಿ 'ಶಿವ ಕುಮಾರ' ಎಂದಿದ್ದರೆ, ಮೂರೂ ಒಂದೇ ಎಂದು ನೀವು ಅದ್ವೈತ ಹೇಳಬಹುದು. ಪೋರ್ಟಲ್ಲು ಕಟ್ಟಾ ಭೇದವಾದಿ. ಅದರ ಪ್ರಕಾರ ನೀವು ಮೂವರು, ಮೂವರಲ್ಲಿ ಒಬ್ಬನಿಗೂ ಸ್ಕಾಲರ್‌ಶಿಪ್ ಇಲ್ಲ. ಮೋಕ್ಷಮಾರ್ಗ ಒಂದೇ: ಸೇರುವ ಮುಂಚೆಯೇ ಮೂರನ್ನೂ ಎಸ್ಸೆಸ್ಸೆಲ್ಸಿ ಪಟ್ಟಿಯ ಹೆಸರಿಗೆ ತಂದುಕೊಳ್ಳುವುದು. ನಗುವುದಕ್ಕೆ ಹೇಳಿದ ಮಾತಲ್ಲ ಇದು. ಒಂದು ದೀರ್ಘದಿಂದ ಒಂದು ವರ್ಷದ ದುಡ್ಡು ಕಳೆದುಕೊಂಡವನು ನನ್ನ ಕೋಣೆಯಲ್ಲೇ ಇದ್ದ.

ಇನ್ನೆರಡು ಕಾಗದ. ಜಾತಿ-ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ; ಮಂಠಾಳ ಹೋಬಳಿಯೂರಾದ್ದರಿಂದ ಇದೊಂದರಲ್ಲಿ ನಾವು ಪುಣ್ಯವಂತರು. 371(ಜೆ) ಪ್ರಮಾಣಪತ್ರಕ್ಕೆ ಬಸವಕಲ್ಯಾಣದ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಬೇಕು. ಸಂವಿಧಾನದ 98ನೇ ತಿದ್ದುಪಡಿ ಈ ಸೀಮೆಯ ಮಕ್ಕಳಿಗೆ ಓದಿನಲ್ಲೂ ನೌಕರಿಯಲ್ಲೂ ಪಾಲು ಇಟ್ಟಿದೆ. ವಿಜ್ಞಾನೇಶ್ವರನ ಸೀಮೆಯವರಾಗಿ ನಮ್ಮ ಪಾಲನ್ನು ನಾವೇ ಬಿಟ್ಟುಕೊಡುವುದು ಚೆನ್ನಾಗಿ ಕಾಣುವುದಿಲ್ಲ. ಕೌನ್ಸೆಲಿಂಗಿನ ಹಿಂದಿನ ದಿನ ಈ ಪತ್ರಕ್ಕೆ ಓಡುವವರನ್ನು ಶಾಸ್ತ್ರದಲ್ಲಿ 'ಅಂತ್ಯಕಾಲ ಸ್ಮರಣಿಗಳು' ಎಂದು ಕರೆಯಲಾಗಿದೆ. ಕರೆದವನು ನಾನೇ.

ಕಚೇರಿಯ ಭಾಷೆಗೆ ಬೇರೆಯೇ ವ್ಯಾಕರಣ. ನಮ್ಮ ಬೀದರ್ ಕನ್ನಡದಲ್ಲಿ 'ಆಗು' ಧಾತುವಿಗೆ ಕಚೇರಿಯೊಳಗೆ ನಾಲ್ಕು ರೂಪ. 'ಆಗ್ತದ' ಎಂದರೆ ಭವಿಷ್ಯತ್ತು, ತಾರೀಖಿಲ್ಲ. 'ಆಗ್ಲತ್ತದ' ಎಂದರೆ ವರ್ತಮಾನ. ಈ ಕ್ಷಣ ಅದನ್ನು ಯಾರೂ ಮಾಡುತ್ತಿಲ್ಲ. 'ಆದಂಗ ಅದ' ಎಂದರೆ ಕಾಗದ ಇಂಥ ಮೇಜಿನ ಮೇಲಿದೆ ಎಂದಾದರೂ ಗೊತ್ತಿದೆ, ಸಂತೋಷಪಡಿ. ನಾಲ್ಕನೆಯದು 'ನೋಡಮ್ರಿ'. ಇದು 'ಆಗು' ಧಾತುವಿನದ್ದೇ ಅಲ್ಲವಲ್ಲ ಎಂದು ವೈಯಾಕರಣರು ತಕರಾರು ತೆಗೆಯಬಹುದು. ಆಗುವುದಿಲ್ಲ ಎಂಬುದರ ಗೌರವವಾಚಕವಾದ್ದರಿಂದ ಇಲ್ಲಿಯೇ ಸೇರಿಸಿದ್ದೇನೆ. 'ಆಗಲ್ಲ' ಎಂದು ಮುಖಕ್ಕೆ ಹೇಳುವ ಗುಮಾಸ್ತ ನನ್ನ ಇಡೀ ಓದಿನಲ್ಲಿ ಸಿಗಲಿಲ್ಲ. ಕಲ್ಯಾಣದ ನೆಲ ಅಷ್ಟು ಮೃದು.

ಆಚಾರಾಧ್ಯಾಯ

ಸೂತ್ರ: ಬಸ್ಸಿನಲ್ಲಿ ಹಿಂದೆ ಜಾಗ ಇರುತ್ತದೆಂದು ನಂಬತಕ್ಕದ್ದು.

ವ್ಯಾಖ್ಯಾನ: "ಹಿಂದ ಸರೀರಿ, ಹಿಂದ ಜಾಗಾ ಅದ" ಎನ್ನುವುದು ಕಂಡಕ್ಟರರ ನಿತ್ಯಪಾಠ. ಹಿಂದೆ ಇರುವುದು ಜನ. ಆದರೂ ಎಲ್ಲರೂ ಅರ್ಧ ಗೇಣು ಸರಿಯುತ್ತಾರೆ, ಎಲ್ಲಿಂದಲೋ ಇನ್ನೊಬ್ಬನಿಗೆ ನಿಲ್ಲುವಷ್ಟು ಜಾಗ ಹುಟ್ಟುತ್ತದೆ. ಅಲ್ಲಮಪ್ರಭು ಶೂನ್ಯಸಿಂಹಾಸನವೇರಿದ ತಾಲ್ಲೂಕಿನಲ್ಲಿ ಶೂನ್ಯದಿಂದ ಜಾಗ ಹುಟ್ಟಿದರೆ ಅಚ್ಚರಿಪಡಬಾರದು. ಬಸವಕಲ್ಯಾಣಕ್ಕೆ ರೈಲಿಲ್ಲ. ಹುಮನಾಬಾದಿಗೆ ಬೀದರ್–ಕಲಬುರಗಿ ಮಾರ್ಗದ ರೈಲು ಬಂತು, ಆದರೆ ಮಂಠಾಳದವರು ಅದನ್ನು ಹಿಡಿಯಲು ಮೊದಲು ಬಸ್ಸನ್ನೇ ಹಿಡಿಯಬೇಕು. ಪುಣೆ–ಹೈದರಾಬಾದ್ ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ಇಳಿದು ನಿಂತ ಹೊತ್ತನ್ನೆಲ್ಲ ಓದಿಗೆ ಬಳಸಿದ್ದರೆ ನಾನು ಈಗ ಈ ಗ್ರಂಥದ ಬದಲು ಡಾಕ್ಟರೇಟ್ ಪ್ರಬಂಧ ಬರೆಯುತ್ತಿದ್ದೆ.

2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಅಲ್ಲಿಂದೀಚೆಗೆ ಸೀಟಿನ ಶಾಸ್ತ್ರ ಬದಲಾಗಿದೆ. ಗಂಡುಹುಡುಗರು ಈಗ ಆಜನ್ಮ ನಿಂತೇ ಇರುವ ವ್ರತಸ್ಥರು. ದೂರು ಹೇಳುವವರಿಗೆ ನಾನು ಒಂದೇ ಮಾತು ಹೇಳುತ್ತೇನೆ. ನಮ್ಮ ಓಣಿಯಲ್ಲಿ ಪಿಯುಸಿಗೆ ಓದು ಬಿಟ್ಟ ಅಕ್ಕಂದಿರು ಬಿಟ್ಟದ್ದು ದಡ್ಡರಾಗಿದ್ದರೆಂದಲ್ಲ, ಕಲಬುರಗಿ ದೂರವಾಗಿತ್ತೆಂದು. ಹೊತ್ತು ಮುಳುಗುವುದರೊಳಗೆ ಮನೆ ಸೇರಬಹುದಾದ ವಿಶ್ವವಿದ್ಯಾಲಯ ಎಷ್ಟೇ ಖುರ್ದವಾದರೂ ಅವರ ಪಾಲಿಗೆ ಬುಜುರ್ಗವೇ ಆಗುತ್ತಿತ್ತು.

ಗ್ರಂಥಾಲಯದ ಆಚಾರಕ್ಕೆ ಇತಿಹಾಸ ಬೇಕು. ಚಿತ್ತಾಪುರದ ಹತ್ತಿರದ ನಾಗಾವಿಯ ಘಟಿಕಾಸ್ಥಾನದಲ್ಲಿ ಪುಸ್ತಕ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು 1058ರ ಶಾಸನ ಹೇಳುತ್ತದೆ. ನಮ್ಮಲ್ಲಿ ಒಬ್ಬರಿದ್ದರು. ಅವರು ರಜೆ ಹಾಕಿದರೆ ಬೀಗದ ಕೈ ಅವರ ಜೇಬಿನಲ್ಲೇ ರಜೆಗೆ ಹೋಗುತ್ತಿತ್ತು. ಆದರೆ ಬೇಕಾದ ಪುಸ್ತಕದ ಹೆಸರು ಹೇಳಿದರೆ ಕಂಪ್ಯೂಟರು ನೋಡದೆ, "ಅದು ಎರಡನೇ ಕಪಾಟು, ಕೆಳಗಿನ ಸಾಲು, ಗೆದ್ದಲು ಹತ್ತ್ಯದ, ಮೆಲ್ಲಕ ತಕ್ಕೋ" ಅನ್ನುತ್ತಿದ್ದರು. ಹೋದ ವರ್ಷ ಅದನ್ನು ಓದಿದವನು ಯಾರು, ಅವನಿಗೀಗ ಎಲ್ಲಿ ನೌಕರಿ ಎಂಬುದೂ ಅವರಿಗೆ ಗೊತ್ತಿತ್ತು. ಈ ಸೂಚೀಪದ್ಧತಿ ಯಾವ ಬುಜುರ್ಗದಲ್ಲೂ ಇಲ್ಲ. ಪಾಠದ ಕೋಣೆಯನ್ನು ಹಳೆಯ ಉತ್ತರಪತ್ರಿಕೆಗಳ ಉಗ್ರಾಣ ಮಾಡುವ ಪದ್ಧತಿಗೆ ಮಾತ್ರ ನನ್ನ ವಿರೋಧವಿದೆ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ಮದ್ರಸಾದಲ್ಲಿ ಮೊಗಲರ ಕಾಲದಲ್ಲಿ ಮದ್ದುಗುಂಡು ತುಂಬಿಟ್ಟಿದ್ದರು. ಅದು ಸಿಡಿದು ಉಳಿದದ್ದನ್ನು ಈಗಲೂ ಹೋಗಿ ನೋಡಬಹುದು.

ಊಟದ ವಿಷಯ ಬೇಗ ಮುಗಿಸುತ್ತೇನೆ, ಅದೂ ಬೇಗ ಮುಗಿಯುತ್ತಿತ್ತು. ಗಂಡ ಮಾರಯ್ಯ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ವಾಪಸು ಸುರಿದು ಬರಲು ಕಳಿಸಿದ್ದು ಇದೇ ಕಲ್ಯಾಣದಲ್ಲಿ. ನಮ್ಮ ಹಾಸ್ಟೆಲ್ ಉಗ್ರಾಣದಿಂದ ಹೊರಗೆ ಹೋಗುತ್ತಿದ್ದ ಅಕ್ಕಿಯನ್ನು ವಾಪಸು ಕಳಿಸುವ ಲಕ್ಕಮ್ಮ ಮಾತ್ರ ನಮಗೆ ಸಿಗಲಿಲ್ಲ.

ಇದರ ಪರಿಹಾರ ಎಳ್ಳಮಾವಾಸ್ಯೆಗೆ ಬರುತ್ತದೆ. ಅಂದು ಕ್ಯಾಂಪಸ್ಸು ಖಾಲಿ, ಹೊಲ ತುಂಬ ಜನ. ಮರುದಿನ ಒಬ್ಬೊಬ್ಬನ ಚೀಲದಿಂದಲೂ ಸಜ್ಜೆ ರೊಟ್ಟಿ, ಸ್ಟೀಲಿನ ಡಬ್ಬಿಯಲ್ಲಿ ಭಜ್ಜಿ. ಬೆಂಗಳೂರಿನವರು ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದದ್ದು ಅಂದುಕೊಳ್ಳುತ್ತಾರೆ. ಇದು ಹಸಿ ಕಾಳು, ಸೊಪ್ಪು, ಬದನೆ, ಗಜ್ಜರಿ, ಹೊಲದಲ್ಲಿ ಆ ದಿನ ಏನು ಕೈಗೆ ಸಿಕ್ಕಿತೋ ಅಷ್ಟನ್ನೂ ಹುಳಿಯಲ್ಲಿ ಬೇಯಿಸಿದ್ದು. ಇಲ್ಲಿಯೇ ಸಪಿಂಡ ವಿಚಾರ. ಒಂದೇ ದೇಹದ ಅಂಶ ಹಂಚಿಕೊಂಡವರು ಸಪಿಂಡರೆಂದು ವಿಜ್ಞಾನೇಶ್ವರ ಅರ್ಥ ಮಾಡಿದ. ನನ್ನ ವ್ಯಾಖ್ಯಾನ: ಒಂದೇ ಡಬ್ಬಿಯ ಭಜ್ಜಿ ಹಂಚಿಕೊಂಡವರು ಸಪಿಂಡರು. ಅವರ ಜಾತಿ ಕೇಳತಕ್ಕದ್ದಲ್ಲ, ಅವರಿಗೆ ಕೊಟ್ಟ ಸಾಲ ವಾಪಸು ಕೇಳತಕ್ಕದ್ದಲ್ಲ. ಎರಡನೆಯದು ನಾನು ನಷ್ಟದಿಂದ ಕಲಿತ ವಿಧಿ.

ದಾಯಪ್ರಕರಣಕ್ಕೆ ಬಂದೆ, ಮೂಲ ಗ್ರಂಥದ ಕೀರ್ತಿಯೆಲ್ಲ ಇದರಿಂದಲೇ. ಹಿರಿಯ ವಿದ್ಯಾರ್ಥಿಯ ನೋಟ್ಸು, ಪ್ಲಾಸ್ಟಿಕ್ ಬಕೆಟ್ಟು, ಕಿಟಕಿ ಪಕ್ಕದ ಮಂಚದ ಮೇಲೆ ಕಿರಿಯನ ಹಕ್ಕು ಎಂದಿನಿಂದ? ತಂದೆ ತೀರಿದ ಮೇಲೆಯೇ ಮಗನಿಗೆ ಹಕ್ಕು ಎಂಬುದು ಬಂಗಾಳದ ಜೀಮೂತವಾಹನನ ಪಕ್ಷ. ಅದರಂತೆ ಹಿರಿಯ ಕ್ಯಾಂಪಸ್ಸು ಬಿಟ್ಟ ಮೇಲೆ ಮಾತ್ರ ಬಕೆಟ್ ಮುಟ್ಟಬೇಕು. ಹುಟ್ಟಿದ ಕ್ಷಣದಿಂದಲೇ ಮಗ ಪಾಲುದಾರ ಎನ್ನುವುದು ಮಿತಾಕ್ಷರಾ ಪಕ್ಷ. ಅದರಂತೆ ಪ್ರವೇಶ ಶುಲ್ಕದ ಚಲನ್ನಿಗೆ ಸೀಲು ಬಿದ್ದ ಕ್ಷಣದಿಂದ ಬಕೆಟ್ಟು ಇಬ್ಬರದೂ. ನಾವು ಕಲ್ಯಾಣದವರು, ಎರಡನೆಯದನ್ನೇ ಪಾಲಿಸುತ್ತೇವೆ. ಆದ್ದರಿಂದ ನಮ್ಮ ಹಾಸ್ಟೆಲಿನಲ್ಲಿ ಮುಂಜಾನೆ ಆರಕ್ಕೆ ಯಾರ ಬಕೆಟ್ಟು ಎಲ್ಲಿದೆ ಎಂಬುದು ಅವಿಭಕ್ತ ಕುಟುಂಬದ ರಹಸ್ಯ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳನ್ನೂ ಹುಟ್ಟಿನಿಂದಲೇ ಪಾಲುದಾರರನ್ನಾಗಿ ಮಾಡಿದ ಮೇಲೆ ನೋಟ್ಸು ಆ ಕಡೆಯ ಹಾಸ್ಟೆಲಿಗೂ ಹೋಗತೊಡಗಿತು. ನಿಜ ಹೇಳಬೇಕೆಂದರೆ ಮೊದಲಿನಿಂದಲೂ ನೋಟ್ಸು ಆ ಕಡೆಯಿಂದಲೇ ಈ ಕಡೆಗೆ ಬರುತ್ತಿತ್ತು.

ಪ್ರಾಯಶ್ಚಿತ್ತಾಧ್ಯಾಯ

ಸೂತ್ರ: ಪಠ್ಯಕ್ರಮ ಕಲಿಯುವ ಮುಂಚೆ ಅದು ಇನ್ನೂ ಜೀವಂತವಿದೆಯೇ ವಿಚಾರಿಸತಕ್ಕದ್ದು.

ವ್ಯಾಖ್ಯಾನ: ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ನಮ್ಮ ರಾಜ್ಯಕ್ಕೆ 2021–22ರಲ್ಲಿ ಬಂತು, 2024–25ಕ್ಕೆ ಹೋಯಿತು, ಮತ್ತೆ ಮೂರು ವರ್ಷ. ಮೂವರು ಮಕ್ಕಳಿರುವ ಮನೆಯಲ್ಲಿ ಹಿರಿಯಣ್ಣ ಹಳೆಯ ಮೂರು ವರ್ಷದ ಪದವೀಧರ, ನಡುವಿನವಳು ನಾಲ್ಕು ವರ್ಷದ ಕಾಲದವಳು, ಕಿರಿಯ ಹೊಸ ಮೂರು ವರ್ಷದವನು ಆಗಿರುವುದು ಸಾಧ್ಯವಿದೆ. ಅಣ್ಣನ ಪುಸ್ತಕ ತಮ್ಮನಿಗೆ ಬರುವುದಿಲ್ಲ. ಹುಟ್ಟಿನಿಂದ ಬಂದ ಹಕ್ಕನ್ನು ಸರ್ಕಾರಿ ಆದೇಶ ಕಸಿದುಕೊಳ್ಳಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಡ.

ಮಿತಾಕ್ಷರಾ ಎಂದರೆ ಅಳತೆಯ ಅಕ್ಷರ. ಪರೀಕ್ಷೆಯಲ್ಲಿ ಈ ಮಾತು ನಂಬಿ ನಾನು ಕೆಟ್ಟೆ. ಹತ್ತು ಅಂಕದ ಪ್ರಶ್ನೆಗೆ ಎರಡು ಪುಟ, ಚೊಕ್ಕ ಉತ್ತರ. ಪಕ್ಕದ ಬೆಂಚಿನವನು ಎಂಟು ಪುಟ ಬರೆದ. ಅದರಲ್ಲಿ ಪ್ರಶ್ನೆಯನ್ನೇ ನಾಲ್ಕು ಕಡೆ ಬೇರೆ ಬೇರೆ ಬಣ್ಣದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದ. ಅವನು ಪಾಸು. ನಾನು ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿದೆ. ಅದರ ಫಲಿತಾಂಶ ಮರುಪರೀಕ್ಷೆ ಬರೆದ ಮೇಲೆ ಬಂತು, ನಾನು ಮೊದಲೇ ಪಾಸಾಗಿದ್ದೆ ಎಂದು ತಿಳಿಸಲು. ಮಾಡದ ಪಾಪಕ್ಕೂ ಪ್ರಾಯಶ್ಚಿತ್ತ ಮಾಡಿಕೊಂಡವನಿಗೆ ಮುಂದಿನ ಪಾಪದಲ್ಲಿ ರಿಯಾಯಿತಿ ಉಂಟೇ ಎಂಬ ಪ್ರಶ್ನೆಗೆ ಪರೀಕ್ಷಾ ವಿಭಾಗ "ನೋಡಮ್ರಿ" ಎಂದಿತು.

ಬಸ್ಸು ಬಂತು. ಗ್ರಂಥ ಇಲ್ಲಿಗೆ ನಿಲ್ಲುತ್ತದೆ, ನಾನು ಹಿಂದಕ್ಕೆ ಸರಿಯಬೇಕು. ಈ ಸಲ ಮಂಠಾಳದಿಂದ ಸೇರುವ ತಮ್ಮಂದಿರು ಬಕೆಟ್ ಕೊಳ್ಳಬೇಡಿ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಕೊಂಡ ನನ್ನ ನೀಲಿ ಬಕೆಟ್ಟು ಇನ್ನೂ ಹಾಸ್ಟೆಲಿನಲ್ಲಿದೆ. ಹಿಡಿಕೆ ಹೋಗಿದೆ, ಸುತಳಿ ಕಟ್ಟಿದ್ದೇನೆ. ನಿಮ್ಮ ಚಲನ್ನಿಗೆ ಸೀಲು ಬಿದ್ದ ದಿನದಿಂದ ಅದು ನಿಮ್ಮದೂ ಹೌದು.